ಸುವಾರ್ತಾ ಸೇವೆಯೂ ದೈವಶಾಸ್ತ್ರವೂ: ಲೈನ್ ಮನೆಯವರು ಕೇಳುವ ಪ್ರಶ್ನೆ

(ಡೆಂಕಣಿಕೋಟೆಯಲ್ಲಿ ಸೇರಿದ್ದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಸುವಾರ್ತಾ ಸೇವೆಗೂ ದೈವಶಾಸ್ತ್ರಕ್ಕೂ ಇರುವ ಸಂಬಂಧವೇನು ಎಂಬ ವಿಷಯವನ್ನು ಹಿರಿಯರು ನಮಗೆ ಕೊಟ್ಟಿದ್ದಾರೆ. ವಿಷಯದ ಹೆಸರು ಕೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ಚಾಪೆ ಸರಿಮಾಡಿಕೊಂಡು ಕಣ್ಣು ಮುಚ್ಚಲು ಸಿದ್ಧರಾದದ್ದನ್ನು ನೋಡಿದೆವು. ತಪ್ಪಿಲ್ಲ. ಬೆಳಗ್ಗೆ ಆರು ಗಂಟೆಗೆ ಹಾಜರಿ ಕೊಟ್ಟು ಸಂಜೆಯ ತನಕ ಬಗ್ಗಿ ದುಡಿಯುವವರಿಗೆ ದೈವಶಾಸ್ತ್ರ ಎಂದರೆ ಬೆಂಗಳೂರು, ಮಂಗಳೂರಿನ ಕಾಲೇಜಿನಲ್ಲಿ ದಪ್ಪ ಪುಸ್ತಕ ಓದುವವರ ಕೆಲಸ ಎಂದು ತೋರುತ್ತದೆ. ನಾವೂ ಎಸ್.ಎಸ್.ಎಲ್.ಸಿ. ಮಟ್ಟಿಗೆ ಓದಿದವರೇ. ಆದರೂ ಈ ವಿಷಯ ನಮ್ಮದೇ ಎಂದು ತೋರಿಸಲು ಪ್ರಯತ್ನಿಸುತ್ತೇವೆ.

ಮೊದಲು ಎರಡು ಮಾತುಗಳ ಅರ್ಥ ತಿಳಿಯೋಣ. ಸುವಾರ್ತಾ ಸೇವೆ, ಅಂದರೆ ಮಿಷನ್, ಎಂದರೆ ಕಳುಹಿಸಲ್ಪಟ್ಟವರು ಮಾಡುವ ಕೆಲಸ. ಸಾರುವುದು, ಕಲಿಸುವುದು, ರೋಗಿಯನ್ನು ನೋಡುವುದು, ಬಿದ್ದವನನ್ನು ಎತ್ತುವುದು ಎಲ್ಲವೂ ಅದರಲ್ಲಿ ಸೇರಿದೆ. ದೈವಶಾಸ್ತ್ರ ಎಂದರೆ ದೇವರು ಯಾರು, ಆತನಿಗೆ ಏನು ಇಷ್ಟ, ನಾವು ಮಾಡುತ್ತಿರುವುದು ಆತನ ಕೆಲಸವೋ ನಮ್ಮ ಕೆಲಸವೋ ಎಂದು ನಿಂತು ವಿಚಾರಿಸುವುದು. ಒಂದು ಕೈಯ ಕೆಲಸ, ಇನ್ನೊಂದು ಕಣ್ಣಿನ ಕೆಲಸ. ಕಣ್ಣಿಲ್ಲದ ಕೈ ಕಳೆಯನ್ನೂ ಕೀಳುತ್ತದೆ, ಗಿಡವನ್ನೂ ಕೀಳುತ್ತದೆ. ಕೈಯಿಲ್ಲದ ಕಣ್ಣು ತೋಟವನ್ನೆಲ್ಲಾ ನೋಡುತ್ತದೆ, ಒಂದು ಹಣ್ಣನ್ನೂ ಬುಟ್ಟಿಗೆ ಹಾಕುವುದಿಲ್ಲ.

ಈ ಮಾತು ಈಗ ಏಕೆ ಬೇಕಾಯಿತು ಎಂದರೆ, ನಮ್ಮ ಮೇಲೆ ಎರಡು ದೂರುಗಳಿವೆ. ನಮ್ಮಂಥ ಉಪದೇಶಿಗಳು ಸಂಜೆ ಪ್ರಾರ್ಥನೆ ನಡೆಸುತ್ತೇವೆ, ಅದೇ ಲೈನಿನಲ್ಲಿ ಕಾರ್ಮಿಕ ಸಂಘದ ಚಂದಾ ರಸೀದಿಯನ್ನೂ ಬರೆಯುತ್ತೇವೆ. ಸಭೆಯ ಕೆಲವು ಹಿರಿಯರು ಹೇಳುತ್ತಾರೆ: ಉಪದೇಶಿಗೆ ಕೂಲಿ, ಬೋನಸ್ಸಿನ ಮಾತು ಯಾಕೆ, ಆತ್ಮಗಳ ಕೆಲಸ ನೋಡಿಕೊಳ್ಳಲಿ. ಸಂಘದ ಕೆಲವು ಒಡನಾಡಿಗಳು ಹೇಳುತ್ತಾರೆ: ಇವರು ರಸೀದಿ ಬರೆಯುವ ನೆಪದಲ್ಲಿ ಜನರನ್ನು ಮತಕ್ಕೆ ಎಳೆಯುತ್ತಾರೆ. ಒಂದು ದೂರು ಬಲಗಡೆಯಿಂದ, ಒಂದು ಎಡಗಡೆಯಿಂದ. ಎರಡಕ್ಕೂ ಕೋಪದಿಂದ ಉತ್ತರ ಕೊಡಬಹುದು. ಆದರೆ ಇವೆರಡೂ ನಿಜವಾದ ದೈವಶಾಸ್ತ್ರದ ಪ್ರಶ್ನೆಗಳು. ಕೋಪದ ಉತ್ತರ ಸಾಲದು.

ಪ್ರಶ್ನೆ ಹುಟ್ಟಿದ್ದು ಊಟದ ಪಂಕ್ತಿಯಲ್ಲಿ

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳಿ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಹಂಚಿಕೆ ನಡೆಯುತ್ತಿತ್ತು. ಗ್ರೀಕ್ ಮಾತನಾಡುವ ವಿಧವೆಯರಿಗೆ ಪಾಲು ಸರಿಯಾಗಿ ಸಿಗುತ್ತಿಲ್ಲ ಎಂದು ಗೊಣಗಾಟ ಎದ್ದಿತು. ದೇವರ ಮಾತು ಬೇರೆ, ರೇಷನ್ ಬೇರೆ, ಗೊಣಗಬೇಡಿ ಎಂದು ಅಪೊಸ್ತಲರು ಹೇಳಲಿಲ್ಲ. ಎಲ್ಲರನ್ನೂ ಕರೆದರು. ಏಳು ಮಂದಿಯನ್ನು ಆರಿಸಿ ಆ ಕೆಲಸಕ್ಕೆ ನೇಮಿಸಿ ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಸಭೆಯಲ್ಲಿ ಒಂದು ಹೊಸ ಸೇವೆಯ ಪದವಿ ಹುಟ್ಟಿದ್ದು ಯಾವ ಪಾಠಶಾಲೆಯಲ್ಲೂ ಅಲ್ಲ, ಭಾಷೆಯ ಕಾರಣದಿಂದ ಪಾಲು ತಪ್ಪಿದ ವಿಧವೆಯರ ಗೊಣಗಾಟದಲ್ಲಿ.

ಹದಿನೈದನೆಯ ಅಧ್ಯಾಯದಲ್ಲಿಯೂ ಹಾಗೆಯೇ. ಅಂತಿಯೋಕ್ಯದ ಕಡೆ ಸೇವೆ ಮಾಡುತ್ತಿದ್ದವರ ಮುಂದೆ ಪ್ರಶ್ನೆ ಬಂತು: ಯೆಹೂದ್ಯರಲ್ಲದವರು ವಿಶ್ವಾಸಕ್ಕೆ ಬಂದರೆ ಮೊದಲು ನಮ್ಮ ಜಾತಿಯ ಪದ್ಧತಿಯನ್ನು ಹೊರಬೇಕೇ? ಯೆರೂಸಲೇಮಿನ ಹಿರಿಯರು ಕೂಡಿ, ವಾದಿಸಿ, ಬೇಡವೆಂದು ತೀರ್ಮಾನಿಸಿದರು. ದೇವರ ಕೃಪೆಯ ವಿಷಯವಾಗಿ ಸಭೆ ಇಂದಿಗೂ ಸಾರುವ ದೊಡ್ಡ ಪಾಠಕ್ಕೆ ಅಡಿಗಲ್ಲು ಬಿದ್ದದ್ದು ಹೀಗೆ. ಪೌಲನ ಪತ್ರಗಳೂ ಅಷ್ಟೇ. ಇಂಥಿಂಥ ಊರಿನಲ್ಲಿ ಇಂಥಿಂಥ ಜಗಳ ಎದ್ದಿತು, ಅದಕ್ಕೆ ಉತ್ತರವಾಗಿ ಪತ್ರ ಹೋಯಿತು. ಮಿಷನ್ ಕೆಲಸವೇ ದೈವಶಾಸ್ತ್ರದ ತಾಯಿ ಎಂದು ಜರ್ಮನಿಯ ಮಾರ್ಟಿನ್ ಕೇಲರ್ ಎಂಬ ಪಂಡಿತರು 1908ರಲ್ಲಿ ಬರೆದರು. ಪಂಡಿತರ ಬಾಯಿಂದ ಬಂದ ಈ ಮಾತು ಯೆರೂಸಲೇಮಿನ ವಿಧವೆಯರಿಗೆ ಮೊದಲೇ ಗೊತ್ತಿತ್ತು.

ನಮ್ಮ ಸೀಮೆಯ ಹಳೆಯ ಸೇವೆ

ಈಗ ನಮ್ಮ ಸೀಮೆಗೆ ಬರೋಣ. ನಾವು ಕುಳಿತಿರುವ ಈ ಹೊಸೂರು, ಡೆಂಕಣಿಕೋಟೆ, ತಳಿ, ಅಂಚೆಟ್ಟಿಯ ನೆಲ 1799ರಲ್ಲಿ ಶ್ರೀರಂಗಪಟ್ಟಣ ಬೀಳುವ ತನಕ ಮೈಸೂರಿನದ್ದೇ ಆಗಿತ್ತು. ಆಮೇಲೆ ಇಂಗ್ಲಿಷರ ಸೇಲಂ ಜಿಲ್ಲೆಗೆ ಸೇರಿತು, 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ. ಕಚೇರಿಯ ಬೋರ್ಡು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳುತ್ತವೆ.

ಆ ಹಳೆಯ ಮೈಸೂರು ಸೀಮೆಗೆ ಹದಿನೇಳನೆಯ ಶತಮಾನದ ನಡುವಿನಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಯೇಸುಸಭೆಯ ಪಾದ್ರಿಗಳು ಬಂದು ಮೈಸೂರು ಮಿಷನ್ ಶುರುಮಾಡಿದರು. ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕನ್ನಡ ಕಲಿತು ಅದರ ವ್ಯಾಕರಣ ಬರೆದದ್ದು. ಬಳ್ಳಾರಿಯಲ್ಲಿ 1810ರಲ್ಲಿ ನೆಲೆಸಿದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಅವರೂ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ವರ್ಷಗಟ್ಟಲೆ ಕುಳಿತರು. ಭಾಷೆ ಕಲಿಯುವುದು ಮಿಷನ್ ಕೆಲಸ. ಆದರೆ ಪಾಪ ಎಂಬುದಕ್ಕೆ ಯಾವ ಮಾತು, ಕೃಪೆ ಎಂಬುದಕ್ಕೆ ಯಾವ ಮಾತು, ಬಿಡುಗಡೆ ಎಂಬುದಕ್ಕೆ ಯಾವ ಮಾತು ಎಂದು ಆರಿಸುವುದು ದೈವಶಾಸ್ತ್ರ. ಜೀತದಲ್ಲಿ ಹುಟ್ಟಿದವನ ಕಿವಿಗೆ ಬಿಡುಗಡೆ ಎಂಬ ಮಾತು ಬಿದ್ದಾಗ ಅವನು ಪರಲೋಕವನ್ನು ಮಾತ್ರ ನೆನೆಯುತ್ತಾನೆಯೇ? ತರ್ಜುಮೆ ಮಾಡಿದವರು ನೆನೆಸದ ಅರ್ಥವನ್ನೂ ಕೇಳಿದವರು ಕೇಳಿಸಿಕೊಂಡರು.

ಇನ್ನೊಬ್ಬರ ಕಥೆ ಹೇಳಬೇಕು. ಫ್ರಾನ್ಸಿನ ಅಬ್ಬೆ ದ್ಯುಬುವಾ 1792ರಲ್ಲಿ ಇಂಡಿಯಾಕ್ಕೆ ಬಂದವರು, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಚದುರಿಹೋದ ಕ್ರೈಸ್ತರನ್ನು ಕೂಡಿಸಲು ಕರೆಸಿಕೊಳ್ಳಲ್ಪಟ್ಟವರು. ನಮ್ಮವರ ಹಾಗೆ ಉಟ್ಟು, ನಮ್ಮವರ ಹಾಗೆ ಉಂಡು ಬಾಳಿದರು. ಹಾಸನದ ಹತ್ತಿರ ಸಟ್ಟಿಹಳ್ಳಿಯಲ್ಲಿ ಬಡವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ಲಸಿಕೆ ಈ ದೇಶಕ್ಕೆ ಬಂದ ಹೊಸತರಲ್ಲಿ, ಜನ ಹೆದರುತ್ತಿದ್ದಾಗ, ಸಾವಿರಾರು ಮಂದಿಗೆ ಚುಚ್ಚಿಸಿದರು. ಕೈಕೆಲಸದಲ್ಲಿ ಅವರನ್ನು ಮೀರಿಸುವವರು ಕಡಿಮೆ. ಆದರೆ 1823ರಲ್ಲಿ ಯುರೋಪಿಗೆ ಹಿಂತಿರುಗಿ ಪ್ರಕಟಿಸಿದ ಪುಸ್ತಕದಲ್ಲಿ, ಈ ದೇಶದ ಜನರಲ್ಲಿ ಸುವಾರ್ತೆ ಬೇರೂರುವುದು ಆಗದ ಮಾತು, ಬೈಬಲ್ ತರ್ಜುಮೆಯಿಂದಲೂ ಪ್ರಯೋಜನವಿಲ್ಲ ಎಂಬ ಅರ್ಥದಲ್ಲಿ ಬರೆದರು. ಮೂವತ್ತು ವರ್ಷ ದುಡಿದ ಕೈ, ಕೊನೆಗೆ ನಿರಾಶೆಯ ಲೇಖನಿ.

ಇದನ್ನು ಅವರನ್ನು ಹಳಿಯಲು ಹೇಳುತ್ತಿಲ್ಲ. ದ್ಯುಬುವಾ ಅವರ ಕಣ್ಣು ಹೆಚ್ಚಾಗಿ ನೋಡಿದ್ದು ಮೇಲು ಜಾತಿಯವರ ಆಚಾರ ವಿಚಾರಗಳನ್ನು. ಈ ದೇಶ ಎಂದರೆ ಅವರೇ ಎಂದು ನಂಬಿದವರಿಗೆ ದಾರಿ ಮುಚ್ಚಿದ ಹಾಗೆ ಕಂಡದ್ದು ಆಶ್ಚರ್ಯವಲ್ಲ. ಅದೇ ಶತಮಾನದಲ್ಲಿ ಗದ್ದೆಯ ಕೆಸರಿನಲ್ಲಿ ನಿಂತಿದ್ದ ಜನ ಗುಂಪುಗುಂಪಾಗಿ ಸಭೆಯ ಬಾಗಿಲಿಗೆ ಬಂದರು. ಯಾರನ್ನು ಜನ ಎಂದು ಎಣಿಸುತ್ತೇವೆ ಎಂಬುದರ ಮೇಲೆ ನಮ್ಮ ದೈವಶಾಸ್ತ್ರ ನಿಲ್ಲುತ್ತದೆ.

ಕೊಡಗಿನ ಆನಂದಪುರ

ನಮ್ಮಲ್ಲಿ ಅನೇಕರು ಅಮ್ಮತ್ತಿ, ಸಿದ್ದಾಪುರದ ಕಡೆಯ ತೋಟಗಳಲ್ಲಿ ಕೆಲಸ ಮಾಡಿದವರು. ಆ ಸೀಮೆಯ ಆನಂದಪುರದ ಹೆಸರನ್ನು ಕೇಳಿರುತ್ತೀರಿ. ಆ ಊರಿನ ಹುಟ್ಟಿನಲ್ಲಿ ನಮ್ಮ ಇವತ್ತಿನ ವಿಷಯವೆಲ್ಲಾ ಅಡಗಿದೆ.

ಹರ್ಮನ್ ಮೋಗ್ಲಿಂಗ್ ಎಂಬವರು ಜರ್ಮನಿಯಿಂದ ಬಾಸೆಲ್ ಮಿಷನಿನ ಮೂಲಕ 1836ರಲ್ಲಿ ಮಂಗಳೂರಿಗೆ ಬಂದರು. ಮನುಷ್ಯನ ಹೃದಯ ಮಾರ್ಪಡಬೇಕು, ಉಳಿದದ್ದು ಆಮೇಲೆ ಎಂದು ಕಲಿಸುವ ಭಕ್ತಿಪಂಥದಲ್ಲಿ ಬೆಳೆದವರು. 1843ರಲ್ಲಿ ಮಂಗಳೂರ ಸಮಾಚಾರ ಎಂಬ ಪತ್ರಿಕೆಯನ್ನು ಹೊರಡಿಸಿದವರು ಇವರೇ. ಕನ್ನಡದ ಮೊದಲ ಪತ್ರಿಕೆ ಎಂದು ಅದನ್ನು ಎಲ್ಲರೂ ನೆನೆಯುತ್ತಾರೆ. ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. 1850ರ ದಶಕದಲ್ಲಿ ಕೊಡಗಿಗೆ ಹೋದರು.

ಅಲ್ಲಿ ಗದ್ದೆಗಳಲ್ಲಿ ದುಡಿಯುತ್ತಿದ್ದ ಹೊಲೆಯರು ತಲೆತಲಾಂತರದಿಂದ ಜಮೀನಿಗೆ ಅಂಟಿಕೊಂಡಿದ್ದ ಜನ. ನೆಲದ ಜೊತೆಗೆ ಆಳೂ ಹೋಗುತ್ತಿದ್ದ ಕಾಲ ಅದು. 1843ರ ಐದನೆಯ ಕಾಯಿದೆ ಪ್ರಕಾರ ಮನುಷ್ಯನ ಮೇಲೆ ಮನುಷ್ಯನ ಒಡೆತನವನ್ನು ಕೋರ್ಟು ಒಪ್ಪಬಾರದು ಎಂದಾಗಿತ್ತು. ಆದರೆ ಕಾಗದದ ಮೇಲಿನ ಬಿಡುಗಡೆಗೂ ಗದ್ದೆಯ ಬದುವಿನ ಮೇಲಿನ ಬಿಡುಗಡೆಗೂ ಎಷ್ಟು ದೂರ ಎಂಬುದು ನಿಮಗೆ ಗೊತ್ತು. ಈ ಜನ ಮೋಗ್ಲಿಂಗ್ ಅವರ ಬಳಿಗೆ ಬಂದರು. ದೀಕ್ಷಾಸ್ನಾನ ಕೊಡುವುದು ಸುಲಭ, ಒಂದು ಬೊಗಸೆ ನೀರು ಸಾಕು. ಆದರೆ ದೀಕ್ಷಾಸ್ನಾನ ಪಡೆದವನು ಸೋಮವಾರ ಬೆಳಗ್ಗೆ ಯಾರ ಗದ್ದೆಗೆ ಇಳಿಯಬೇಕು? ರಾತ್ರಿ ಎಲ್ಲಿ ಮಲಗಬೇಕು? ಒಡೆಯನ ನೆಲದಲ್ಲಿ ಅವನ ಗುಡಿಸಲು ಉಳಿಯುತ್ತದೆಯೇ?

ಹೃದಯ ಮಾತ್ರ ಮಾರ್ಪಟ್ಟರೆ ಸಾಕು ಎಂದು ಕಲಿತು ಬಂದವರ ಮುಂದೆ ಸೋಮವಾರದ ಪ್ರಶ್ನೆ ಬಂದು ನಿಂತಿತು. ಹೊಸ ಸಭೆಗೆ ನಿಲ್ಲಲು ನೆಲ ಬೇಕಾಯಿತು. ಹೀಗೆ ಆನಂದಪುರ ಎಂಬ ಬೇಸಾಯದ ಊರು ಹುಟ್ಟಿತು. ಊರಿಗೆ ಇಟ್ಟ ಹೆಸರನ್ನು ನೋಡಿ. ಬೇರೆಯವರ ಜಮೀನಿನ ಲೆಕ್ಕದಲ್ಲಿ ಸೇರಿದ್ದ ಜನರಿಗೆ ತಮ್ಮದು ಎನ್ನುವ ಒಂದು ಊರು, ಅದಕ್ಕೆ ಆನಂದದ ಹೆಸರು. ಮಡಿಕೇರಿಯ ಹತ್ತಿರ ಯುರೋಪಿಯನ್ನರ ಮೊದಲ ಕಾಫಿ ತೋಟ 1854ರಲ್ಲಿ ಬಂತು. ಆಮೇಲೆ ತೋಟಗಳು ಹೆಚ್ಚಿದವು, ಕೂಲಿಯ ಹಣ ಕೈಗೆ ಬರುವ ಕೆಲಸ ಹುಟ್ಟಿತು. ನಮ್ಮ ತಾತ ಮುತ್ತಾತಂದಿರ ದಾರಿಯೂ ಅಲ್ಲಿಂದಲೇ ತೆರೆಯಿತು.

ಮೋಗ್ಲಿಂಗ್ 1860ರಲ್ಲಿ ಸ್ವದೇಶಕ್ಕೆ ಹೋದರು, 1881ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಪ್ರಶ್ನೆ ತೀರಿಕೊಳ್ಳಲಿಲ್ಲ. ನೆಲ ಕೊಟ್ಟು ಊರು ಕಟ್ಟುವುದು ಸುವಾರ್ತೆಯ ಭಾಗವೇ, ಅಥವಾ ಸುವಾರ್ತೆಗೆ ಹಾಕಿದ ಗಾಳವೇ? ನೆಲಕ್ಕಾಗಿ ಬಂದವರು ನಿಜವಾದ ವಿಶ್ವಾಸಿಗಳೇ? ಈ ಪ್ರಶ್ನೆಯನ್ನು ಹೊರಗಿನವರೂ ಕೇಳಿದರು, ಮಿಷನಿನ ಒಳಗಿನವರೂ ಕೇಳಿದರು. ಅನ್ನಕ್ಕಾಗಿ ಬಂದ ಕ್ರೈಸ್ತರು ಎಂಬ ಹೀನಾಯದ ಹೆಸರನ್ನು ನಮ್ಮವರಲ್ಲಿ ಎಷ್ಟೋ ಮಂದಿ ಇಂದಿಗೂ ಹೊತ್ತಿದ್ದಾರೆ.

ಇದಕ್ಕೆ ನಮ್ಮ ಉತ್ತರ ಇದು. ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದ ಜನ ಕೂಗಿಕೊಂಡದ್ದು ದೈವಶಾಸ್ತ್ರ ತಿಳಿದಲ್ಲ, ಬೆನ್ನಿನ ನೋವಿಗೆ. ದೇವರು ಅವರ ಉದ್ದೇಶವನ್ನು ಪರೀಕ್ಷಿಸಿ ಆಮೇಲೆ ಕಿವಿಗೊಟ್ಟನೆಂದು ಬರೆದಿಲ್ಲ. ಕೂಗು ಕೇಳಿ ಇಳಿದು ಬಂದನು. ಸಮುದ್ರ ದಾಟಿಸಿದ ಮೇಲೆಯೇ ಸೀನಾಯಿ ಬೆಟ್ಟದ ಪಾಠ ಬಂದದ್ದು. ಬಿಡುಗಡೆ ಮೊದಲು, ಪಾಠ ಆಮೇಲೆ. ಆದ್ದರಿಂದ ಅನ್ನ ಕೇಳುತ್ತಾ ಬಂದವನ ವಿಶ್ವಾಸ ಕೀಳು ಎನ್ನುವ ಹಕ್ಕು ಹೊಟ್ಟೆ ತುಂಬಿದವನಿಗೆ ಇಲ್ಲ. ಆದರೆ ಬಾಕಿ ಅರ್ಧವನ್ನೂ ಹೇಳಬೇಕು. ಅನ್ನ ಕೊಡುವವನು ಆ ಅನ್ನಕ್ಕೆ ವಿಶ್ವಾಸವನ್ನು ಬೆಲೆಯಾಗಿ ಕೇಳಿದರೆ, ಅವನು ದೇವರ ಕೃಪೆಯನ್ನು ಅಂಗಡಿಗೆ ಇಟ್ಟ ಹಾಗೆ. ಕೇಳುವವನ ಹಸಿವು ತಪ್ಪಲ್ಲ, ಕೊಡುವವನ ಷರತ್ತು ತಪ್ಪು.

ಮಂಗಳೂರಿನ ಹಂಚು

ಕರಾವಳಿಯಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಕೆಲಸ ಶುರುಮಾಡಿದರು. ಸಭೆಗೆ ಬಂದವರಲ್ಲಿ ಸೇಂದಿ ಇಳಿಸುವ ಬಿಲ್ಲವರು ಬಹಳ ಮಂದಿ. ಸೇಂದಿಯ ಕಸುಬು ವಿಶ್ವಾಸಿಗಳಿಗೆ ತಕ್ಕದ್ದಲ್ಲ ಎಂದು ಮಿಷನ್ ಹೇಳಿತು. ಬಂದವರು ಕಸುಬನ್ನೂ ಬಿಟ್ಟರು, ಮನೆತನದ ಆಸರೆಯನ್ನೂ ಕಳೆದುಕೊಂಡರು. ಇನ್ನು ಊಟಕ್ಕೆ ಏನು? ಕಸುಬು ಬಿಡು ಎಂದು ಉಪದೇಶಿಸಿದವರೇ ಬೇರೆ ಕಸುಬು ತೋರಿಸಬೇಕಾಯಿತು. ಅಚ್ಚುಕೂಟ, ಮಗ್ಗದ ಮನೆ ಬಂದವು. 1865ರಲ್ಲಿ ಪ್ಲೆಬ್‍ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಆ ಮಂಗಳೂರು ಹಂಚು ಇಂದು ನಮ್ಮ ಎಷ್ಟೋ ಲೈನ್ ಮನೆಗಳ ತಲೆಯ ಮೇಲಿದೆ.

ಉಪದೇಶ ಮಾಡಿದ ಮೇಲೆ ಅದರ ಖರ್ಚನ್ನು ಬಡವನೊಬ್ಬನ ತಲೆಗೇ ಕಟ್ಟದೆ ತಾವೂ ಹೊತ್ತದ್ದು ಆ ಮಿಷನರಿಗಳ ದೊಡ್ಡತನ. ಕೈಕೆಲಸ ಕೀಳಲ್ಲ, ದುಡಿಮೆಯೂ ದೇವರ ಸೇವೆ ಎಂದು ಅವರು ಕಲಿಸಿದರು. ಕೈಕೆಲಸವನ್ನು ಜಾತಿಗೆ ಅಂಟಿಸಿಟ್ಟಿದ್ದ ನಾಡಿನಲ್ಲಿ ಅದು ಸಣ್ಣ ಪಾಠವಲ್ಲ.

ಆದರೆ ಅಲ್ಲಿ ಒಂದು ಗಂಟೂ ಬಿತ್ತು. ಸಭೆಯೂ ಮಿಷನಿನದು, ಕಾರ್ಖಾನೆಯೂ ಮಿಷನಿನದು. ಭಾನುವಾರ ದೇವರ ಮಾತು ಹೇಳುವ ಸಂಸ್ಥೆಯೇ ಶನಿವಾರ ಕೂಲಿ ಎಣಿಸಿ ಕೊಡುವ ಸಂಸ್ಥೆ. ಕೂಲಿ ಸಾಲದು ಎಂದು ಕೇಳಬೇಕಾದವನು ಯಾರ ಮುಂದೆ ನಿಂತು ಕೇಳಬೇಕು? ಕೇಳಿದರೆ ಅದು ಕೂಲಿಯ ಮಾತೋ, ದೇವರ ಸೇವಕರಿಗೆ ಎದುರು ಮಾತೋ? ಒಡೆಯನ ಜಾಗದಲ್ಲಿ ಒಳ್ಳೆಯ ಒಡೆಯ ಬಂದು ಕುಳಿತರೂ ಒಡೆತನ ಒಡೆತನವೇ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಕೆಲಸದಿಂದ ತೆಗೆದು ದೇಶದಿಂದ ಕಳುಹಿಸಿತು. ಕಾರ್ಖಾನೆಗಳು 1919ರಲ್ಲಿ ಕಾಮನ್‍ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋದವು. ಸಭೆ ಮಾತ್ರ ಉಳಿಯಿತು. ಮಿಷನರಿ ಹೋದ ಮೇಲೆಯೂ, ಕಾರ್ಖಾನೆ ಕೈಬಿಟ್ಟ ಮೇಲೆಯೂ ಪ್ರಾರ್ಥನೆಗೆ ಬಂದವರು ಯಾರು? ಅನ್ನಕ್ಕಾಗಿ ಬಂದವರು ಎಂದು ಕರೆಸಿಕೊಂಡ ಅದೇ ಜನ, ಅವರ ಮಕ್ಕಳು. ಹಳೆಯ ಹೀನಾಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಜಾತಿಯ ಪಂಕ್ತಿ, ಸಭೆಯ ಪಂಕ್ತಿ

ಇನ್ನೊಂದು ವಿಷಯವನ್ನು ಬಿಟ್ಟರೆ ನಮ್ಮ ಮಾತು ಅರ್ಧವಾಗುತ್ತದೆ. ಜಾತಿ ಎಂಬುದು ಬಟ್ಟೆಬರೆಯ ಹಾಗೆ ಬರೀ ಲೋಕಾಚಾರವೋ, ಅಥವಾ ದೇವರಿಗೆ ವಿರೋಧವಾದ ಪಾಪವೋ? ತಮಿಳು ಸೀಮೆಯ ಮಿಷನುಗಳಲ್ಲಿ ಈ ವಾದ ಬಹಳ ಕಾಲ ನಡೆಯಿತು. ಲೋಕಾಚಾರ ಎಂದವರು ದೇವಾಲಯದಲ್ಲಿ ಬೇರೆ ಬೇರೆ ಜಾಗ, ಬೇರೆ ಬೇರೆ ಬಟ್ಟಲನ್ನು ಸಹಿಸಿದರು. ಪಾಪ ಎಂದವರು ಜೊತೆಯಲ್ಲಿ ಕುಳಿತು ಉಣ್ಣಬೇಕು ಎಂದರು. ಮದರಾಸಿನಲ್ಲಿ 1850ರಲ್ಲಿ ಅನೇಕ ಮಿಷನುಗಳವರು ಕೂಡಿ ಜಾತಿಯನ್ನು ಬಿಡದವರನ್ನು ಸಭೆಗೆ ಸೇರಿಸಬಾರದು ಎಂಬ ಅಭಿಪ್ರಾಯಕ್ಕೆ ಬಂದರು. ಎಲ್ಲರೂ ಒಪ್ಪಲಿಲ್ಲ. ಕಾಗದದ ಮೇಲೆ ಮುಗಿದರೂ ಮಣ್ಣಿನಲ್ಲಿ ಮುಗಿಯಲಿಲ್ಲ. ಒಂದೇ ಸಭೆಯವರಿಗೆ ಎರಡು ಸಮಾಧಿ ಸ್ಥಳಗಳಿರುವ ಊರುಗಳು ತಮಿಳುನಾಡಿನಲ್ಲಿ ಇಂದಿಗೂ ಇವೆ. ಅಂಥ ಊರಿನಲ್ಲಿ ಪುನರುತ್ಥಾನದ ಪ್ರಸಂಗ ಮಾಡುವ ಉಪದೇಶಿ ಯಾವ ಗೋಡೆಯ ಪಕ್ಕದಲ್ಲಿ ನಿಲ್ಲಬೇಕು?

ಇಲ್ಲಿಯೂ ಪ್ರಶ್ನೆ ಕೆಳಗಿನಿಂದಲೇ ಬಂತು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಎಂಬ ಅಧ್ಯಾಪಕರು ಒಂದು ಉಪನ್ಯಾಸ ಮಾಡಿ, ಭಾರತದ ಕ್ರೈಸ್ತ ದೈವಶಾಸ್ತ್ರ ಇಷ್ಟು ಕಾಲ ಬ್ರಾಹ್ಮಣ ವಿಚಾರಗಳ ಜೊತೆಗೇ ಮಾತನಾಡಿತು, ಸಭೆಯಲ್ಲಿ ತುಂಬಿರುವ ದಲಿತ ಜನರ ಅನುಭವದ ಜೊತೆಗೆ ಮಾತನಾಡಲಿಲ್ಲ ಎಂಬ ವಿಚಾರವನ್ನು ಮುಂದಿಟ್ಟರು. ದಲಿತ ದೈವಶಾಸ್ತ್ರ ಎಂಬ ಹೆಸರಿನಲ್ಲಿ ಅದು ದೇಶದ ಕಾಲೇಜುಗಳಲ್ಲಿ ಬೆಳೆಯಿತು. ಆನಂದಪುರದ ಜನ ನೂರು ವರ್ಷಕ್ಕೂ ಹಿಂದೆ ಬಾಯಿ ಬಿಡದೆ ಕೇಳಿದ ಪ್ರಶ್ನೆ ಕಾಲೇಜಿನ ಹಲಗೆಯ ಮೇಲೆ ಬಂದದ್ದು ಆಗ.

ಸಭೆಗಳ ಐಕ್ಯವೂ ಹಾಗೆಯೇ. ಯುರೋಪಿನ ಜಗಳಗಳಿಂದ ಹುಟ್ಟಿದ ಪಂಗಡಗಳ ಬೋರ್ಡುಗಳನ್ನು ನಮ್ಮ ಹಳ್ಳಿಗಳಲ್ಲಿ ನೆಟ್ಟಾಗ, ಯೇಸು ಒಬ್ಬನಾದರೆ ನೀವು ಯಾಕೆ ಇಷ್ಟು ಮಂದಿ ಎಂದು ಜನ ಕೇಳಿದರು. ಆ ನಾಚಿಕೆ ಸೇವೆಯಲ್ಲಿದ್ದವರಿಗೆ ತಟ್ಟಿತು. ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ ಮೊದಲಾದವರು 1919ರಲ್ಲಿ ತರಂಗಂಬಾಡಿಯಲ್ಲಿ ಕೂಡಿ ಐಕ್ಯಕ್ಕೆ ಕರೆಕೊಟ್ಟರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಇದೇ ಅಜರಯ್ಯನವರು 1910ರಲ್ಲಿ ಎಡಿನ್‍ಬರೋ ಸಮ್ಮೇಳನದಲ್ಲಿ ನಿಂತು, ನೀವು ನಮಗಾಗಿ ತ್ಯಾಗ ಮಾಡಿದ್ದೀರಿ, ಆದರೆ ನಮಗೆ ಬೇಕಾದದ್ದು ಸ್ನೇಹ ಎಂದು ಬಿಳಿಯ ಮಿಷನರಿಗಳ ಮುಂದೆ ಕೇಳಿಕೊಂಡಿದ್ದರು. ದಾನ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ಸ್ನೇಹದಲ್ಲಿ ಎರಡು ಕೈಗಳೂ ಒಂದೇ ಮಟ್ಟದಲ್ಲಿರುತ್ತವೆ.

ನಮ್ಮ ಕಥೋಲಿಕ ಸಹೋದರರ ಸಭೆಯಲ್ಲಿಯೂ ಇದೇ ನಡೆ ಕಾಣುತ್ತದೆ. ಕಾರ್ಖಾನೆ ಕಾರ್ಮಿಕರ ಸಂಕಟವನ್ನು ಕಂಡೇ ಹದಿಮೂರನೆಯ ಲಿಯೋ ಪೋಪರು 1891ರಲ್ಲಿ ಕೂಲಿ, ಸಂಘ, ನ್ಯಾಯದ ವಿಷಯವಾಗಿ ಲೋಕಕ್ಕೆಲ್ಲಾ ಪತ್ರ ಬರೆದು, ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು ಎತ್ತಿಹಿಡಿದರು. ಎರಡನೆಯ ವ್ಯಾಟಿಕನ್ ಸಮ್ಮೇಳನ 1965ರಲ್ಲಿ, ಮಿಷನ್ ಎಂಬುದು ಸಭೆಯ ಹಲವು ಕೆಲಸಗಳಲ್ಲಿ ಒಂದಲ್ಲ, ಸಭೆಯ ಸ್ವಭಾವವೇ ಅದು ಎಂಬ ಅರ್ಥದಲ್ಲಿ ಹೇಳಿತು.

ದೂರುಗಳಿಗೆ ಉತ್ತರ

ಈಗ ಆ ಎರಡು ದೂರುಗಳಿಗೆ ಬರುತ್ತೇವೆ.

ಉಪದೇಶಿಗೆ ಕೂಲಿಯ ಮಾತು ಯಾಕೆ ಎನ್ನುವ ಹಿರಿಯರಿಗೆ ಒಂದು ಸಂಗತಿ ಹೇಳುತ್ತೇವೆ. ನಾವು ಪ್ರಾರ್ಥನೆ ನಡೆಸುವ ಒಂದು ಲೈನಿನಲ್ಲಿ, ತೋಟದ ಹೆಸರು ಬೇಡ, ಗಂಡನನ್ನು ಕಳೆದುಕೊಂಡ ಕನ್ನಡದ ತಾಯಿಯೊಬ್ಬರಿದ್ದಾರೆ. ಗಂಡನ ಪ್ರಾವಿಡೆಂಟ್ ಫಂಡಿನ ಹಣಕ್ಕಾಗಿ ಎರಡು ವರ್ಷ ಅಲೆದರು. ಫಾರಂ ಒಂದು ಭಾಷೆಯಲ್ಲಿ, ರೈಟರ ಮಾತು ಇನ್ನೊಂದು ಭಾಷೆಯಲ್ಲಿ, ಗಂಡನ ಹೆಸರು ಮೂರು ಕಾಗದದಲ್ಲಿ ಮೂರು ರೀತಿ. ಒಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಆಕೆ ಹೇಳಿದರು: "ದೇವರಿಗೆ ನಮ್ಮ ಮಾತು ಬರುತ್ತದೆ ಅಯ್ಯಾ, ಆಫೀಸಿಗೆ ಬರುವುದಿಲ್ಲ."

ಯೆರೂಸಲೇಮಿನ ವಿಧವೆಯರ ಗೊಣಗಾಟವನ್ನು ಓದುವ ನಾವು ಈ ಮಾತಿಗೆ ಕಿವಿ ಮುಚ್ಚಿಕೊಳ್ಳಬಹುದೇ? ಸಂಘದ ಒಡನಾಡಿಗಳು ಫಾರಂ ಬರೆದರು, ನಾವು ದೀಕ್ಷಾಸ್ನಾನದ ಪುಸ್ತಕದಿಂದ ಹೆಸರಿನ ಸರ್ಟಿಫಿಕೇಟು ಬರೆಸಿಕೊಟ್ಟೆವು. ಹಣ ಬಂತು. ಸಭೆಯ ಪುಸ್ತಕವೂ ಸಂಘದ ಪುಸ್ತಕವೂ ಆ ದಿನ ಒಂದೇ ಮೇಜಿನ ಮೇಲೆ ತೆರೆದಿದ್ದವು. ಅದರಿಂದ ಯಾವ ಪುಸ್ತಕಕ್ಕೂ ಮೈಲಿಗೆ ಆಗಲಿಲ್ಲ.

ಇನ್ನು ರಸೀದಿಯ ನೆಪದಲ್ಲಿ ಮತಕ್ಕೆ ಎಳೆಯುತ್ತಾರೆ ಎನ್ನುವ ಒಡನಾಡಿಗಳಿಗೆ. ನಿಮ್ಮ ಅನುಮಾನವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಹಾಯವನ್ನು ಗಾಳವಾಗಿ ಮಾಡಿದವರು ಎಲ್ಲಾ ಮತಗಳಲ್ಲಿಯೂ ಪಕ್ಷಗಳಲ್ಲಿಯೂ ಇದ್ದಾರೆ. ನಮ್ಮ ವಿಶ್ವಾಸವನ್ನು ನಾವು ಬಚ್ಚಿಡುವುದಿಲ್ಲ. ಕೇಳಿದವರಿಗೆ ಸಂತೋಷದಿಂದ ಹೇಳುತ್ತೇವೆ. ಆದರೆ ರಸೀದಿ ಬರೆಯುವಾಗ ಹೇಳುವುದಿಲ್ಲ. ಯಾಕೆಂದರೆ ಆ ಗಳಿಗೆಯಲ್ಲಿ ಎದುರಿನವನು ಬೇಡ ಎನ್ನಲು ಸ್ವತಂತ್ರನಲ್ಲ. ಬೇಡ ಎನ್ನಲು ಆಗದವನು ಬೇಕು ಎಂದರೆ ಅದು ವಿಶ್ವಾಸವೂ ಅಲ್ಲ. ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿಮಾಡಿದ ಕರ್ತನು, ಹಿಂತಿರುಗಿ ಬಂದವನು ಒಬ್ಬನೇ ಆದರೂ ಉಳಿದ ಒಂಬತ್ತು ಮಂದಿಯ ಮೈಗೆ ರೋಗವನ್ನು ಮರಳಿ ಹಚ್ಚಲಿಲ್ಲ.

ಈ ವಿಚಾರದಿಂದ ನಮ್ಮ ಕೂಟಕ್ಕೆ ಮೂರು ನಿಯಮಗಳನ್ನು ಸೂಚಿಸುತ್ತೇವೆ.

ಒಂದು, ಸಹಾಯಕ್ಕೆ ಷರತ್ತು ಇಲ್ಲ. ಫಾರಂ ಬರೆದುಕೊಡುವಾಗ, ಆಸ್ಪತ್ರೆಗೆ ಕರೆದೊಯ್ಯುವಾಗ, ಕೂಲಿಯ ಬಾಕಿ ಕೇಳುವಾಗ ಮತ, ಜಾತಿ, ಭಾಷೆ ಕೇಳಬಾರದು. ಪ್ರಾರ್ಥನೆಗೆ ಬರುವವರಿಗೆ ಮೊದಲು ಎಂಬ ಸಾಲೂ ಬೇಡ.

ಎರಡು, ಎರಡು ಅಧಿಕಾರ ಒಂದೇ ಕೈಯಲ್ಲಿ ಬೇಡ. ಹಂಚಿನ ಕಾರ್ಖಾನೆ ನಮಗೆ ಕಲಿಸಿದ ಪಾಠ ಇದು. ಸಂಘದ ಹಣವನ್ನು ಇಟ್ಟುಕೊಳ್ಳುವವನು ಸಭೆಯ ಶಿಸ್ತಿನ ತೀರ್ಮಾನದಲ್ಲಿ ಕೂರಬಾರದು. ರಸೀದಿ ಬರೆಯುವ ಉಪದೇಶಿ ಹಣವನ್ನು ಅದೇ ವಾರ ಸಂಘದ ಖಜಾಂಚಿಗೆ ಒಪ್ಪಿಸಿ, ಲೆಕ್ಕವನ್ನು ಎಲ್ಲರ ಮುಂದೆ ಓದಿಸಬೇಕು.

ಮೂರು, ಪ್ರಶ್ನೆಗಳನ್ನು ಬರೆದಿಡಬೇಕು. ಪ್ರತಿ ಲೈನಿನಲ್ಲಿ ಒಂದು ನೋಟು ಪುಸ್ತಕ ಇಡೋಣ. ಜನ ದೇವರ ವಿಷಯವಾಗಿ, ಕೂಲಿಯ ವಿಷಯವಾಗಿ, ಸಾವು ನೋವಿನ ವಿಷಯವಾಗಿ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ, ಕನ್ನಡವೋ ತಮಿಳೋ ತೆಲುಗೋ,ಬರೆದಿಡೋಣ. ಹುಡುಗಿಯರು ಶಾಲೆಗೆ ಹೋಗಿ ಬರೆಯಲು ಕಲಿತಿದ್ದಾರೆ, ಈ ಕೆಲಸ ಅವರಿಗೆ ಕೊಡಿ. ಅಯ್ಯನವರು ಬಂದಾಗ, ಕಾಲೇಜಿನ ವಿದ್ಯಾರ್ಥಿಗಳು ಬಂದಾಗ ಆ ಪುಸ್ತಕವನ್ನು ಮುಂದಿಡೋಣ. ಅವರು ನಮಗೆ ಉತ್ತರ ತರುವ ಮೊದಲು ನಮ್ಮ ಪ್ರಶ್ನೆಯನ್ನು ತೆಗೆದುಕೊಂಡು ಹೋಗಲಿ.

ಅಯ್ಯನವರೇ, ನಿಮ್ಮಲ್ಲಿ ಒಂದು ಬಿನ್ನಹ. ಆ ಪುಸ್ತಕದಲ್ಲಿ ಕಾಗುಣಿತದ ತಪ್ಪುಗಳಿರುತ್ತವೆ. ಪ್ರಶ್ನೆಗಳು ಒರಟಾಗಿಯೂ ಇರಬಹುದು. ದಯವಿಟ್ಟು ತಿದ್ದಬೇಡಿ, ಓದಿ. ಉತ್ತರ ಇಲ್ಲದಿದ್ದರೆ ಇಲ್ಲ ಎಂದು ಹೇಳಿ, ನಮ್ಮ ಜೊತೆ ಕುಳಿತುಕೊಳ್ಳಿ. ಅದೂ ಸೇವೆಯೇ.

ಕೂಟ ಮುಗಿದ ಮೇಲೆ ಮನೆಗಳಲ್ಲಿ ಮಾತನಾಡಿಕೊಳ್ಳಲು ಮೂರು ಪ್ರಶ್ನೆಗಳನ್ನು ಕೊಟ್ಟು ನಿಲ್ಲಿಸುತ್ತೇವೆ.

ನಮ್ಮ ಲೈನಿನಲ್ಲಿ ಭಾಷೆಯ ಕಾರಣದಿಂದಾಗಲಿ ಜಾತಿಯ ಕಾರಣದಿಂದಾಗಲಿ ಪಾಲು ತಪ್ಪಿದವರು ಯಾರು?

ನಾವು ಮಾಡುವ ಸಹಾಯಕ್ಕೆ, ನಮಗೇ ತಿಳಿಯದ ಹಾಗೆ, ಯಾವ ಷರತ್ತು ಅಂಟಿಕೊಂಡಿದೆ?

ಪ್ರಾರ್ಥನೆಯಲ್ಲಿ ಬಿಡುಗಡೆ ಎಂದು ಹೇಳುವಾಗ ನಮ್ಮ ಮನಸ್ಸಿಗೆ ಏನು ಬರುತ್ತದೆ?

ಮೂರನೆಯದಕ್ಕೆ ಬರುವ ಉತ್ತರಗಳಿಂದಲೇ ನೋಟು ಪುಸ್ತಕದ ಮೊದಲ ಪುಟ ತುಂಬಲಿ.  ಕರ್ತನ ಸಮಾಧಾನವು ನಿಮ್ಮ ಮನೆಗಳ ಮೇಲೆಯೂ ನಿಮ್ಮ ಕೈಕೆಲಸದ ಮೇಲೆಯೂ ಇರಲಿ.